ದ್ರವ್ಯದ ಸ್ಥಿತಿ ಬದಲಾವಣೆ: ಮಕ್ಕಳಿಗೆ ಪ್ರಯೋಗಗಳ ಮೂಲಕ ಬೋಧನೆ

ಘನ, ದ್ರವ ಮತ್ತು ಅನಿಲ ಇವು ದ್ರವ್ಯದ ಸಾಮಾನ್ಯ ಸ್ಥಿತಿಗಳಾಗಿವೆ. ಇವುಗಳ ಪರಿವರ್ತನೆಯನ್ನು ಕಂಠಪಾಠ ಮಾಡಿಸುವುದಕ್ಕಿಂತ ಮಕ್ಕಳ ಕೈಯಿಂದಲೇ ಮಾಡಿಸಿ ತಿಳಿಸುವುದು ಸೂಕ್ತ. ಕಲಿಕೆಯನ್ನು ಶಾಲೆಯ ಹೊರಗಿನ ಬದುಕಿಗೆ ಜೋಡಿಸಬೇಕೆಂದು 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಸಹ ಸೂಚಿಸಿದೆ. ಹುಬ್ಬಳ್ಳಿ ಸಮೀಪದ ತಾರಿಹಾಳದಂತಹ ಊರಿನ ಶಾಲೆಗಳಲ್ಲಿ ಅಲ್ಪ ವೆಚ್ಚದಲ್ಲಿ ಕೈಗೊಳ್ಳಬಹುದಾದ ಕೆಲವು ಪ್ರಯೋಗಗಳನ್ನು ಇಲ್ಲಿ ವಿವರಿಸಲಾಗಿದೆ.

ಕುದಿಯುವಿಕೆ

ನೀರು 100 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕುದಿಯುತ್ತದೆ ಎಂಬುದು ಸಮುದ್ರಮಟ್ಟದ ವಾಯು ಒತ್ತಡಕ್ಕೆ ಅನ್ವಯಿಸುವ ಮಾತು. ಹುಬ್ಬಳ್ಳಿ ಪ್ರದೇಶವು ಸಮುದ್ರಮಟ್ಟದಿಂದ ಸುಮಾರು 650 ಮೀಟರ್ ಎತ್ತರದಲ್ಲಿರುವುದರಿಂದ ಇಲ್ಲಿ ನೀರು ಸುಮಾರು 98 ಡಿಗ್ರಿಯಲ್ಲಿಯೇ ಕುದಿಯುತ್ತದೆ. ಪ್ರಯೋಗಶಾಲೆಯ ಉಷ್ಣಮಾಪಕದಲ್ಲಿ 98 ಕಂಡು ಹಾಗೆಯೇ ಬರೆದ ಮಗುವಿನ ಉತ್ತರವನ್ನು ಪುಸ್ತಕದಲ್ಲಿ 100 ಇದೆಯೆಂಬ ಕಾರಣಕ್ಕೆ ತಪ್ಪೆಂದು ತಿದ್ದಬಾರದು. ಹಾಗೆ ತಿದ್ದಿದರೆ ಕಣ್ಣಿಗೆ ಕಂಡದ್ದನ್ನು ಬಿಟ್ಟು ಪುಸ್ತಕದಲ್ಲಿದ್ದುದನ್ನು ಬರೆಯುವ ರೂಢಿ ಬೆಳೆಯುತ್ತದೆ. ನೀರು ಕುದಿಯುತ್ತಿರುವಷ್ಟು ಹೊತ್ತೂ ಉಷ್ಣತೆ ಏರದೆ ನಿಲ್ಲುವುದನ್ನು ನಿಮಿಷಕ್ಕೊಮ್ಮೆ ಬರೆಯಿಸತಕ್ಕದ್ದು. ಜ್ವರ ನೋಡುವ ಉಷ್ಣಮಾಪಕವನ್ನು ಬಿಸಿನೀರಿಗೆ ಹಾಕಿದರೆ ಒಡೆಯುವುದರಿಂದ ಅದನ್ನು ಬಳಸಲೇಬಾರದು.

ಸಾಂದ್ರೀಕರಣ

ಸ್ಟೀಲಿನ ತಂಬಿಗೆಯಲ್ಲಿ ಅರಿಶಿನ ಕದಡಿದ ನೀರು ಹಾಗೂ ಮಂಜುಗಡ್ಡೆ ಹಾಕಿಡಬೇಕು. ಸ್ವಲ್ಪ ಹೊತ್ತಿನಲ್ಲಿ ಹೊರಮೈಯಲ್ಲಿ ಹನಿಗಳು ಮೂಡುತ್ತವೆ. ಒಳಗಿನ ನೀರೇ ಜಿನುಗಿತೆಂದು ಅನೇಕ ಮಕ್ಕಳು ಹೇಳುವುದುಂಟು. ಹನಿಗಳಿಗೆ ಹಳದಿ ಬಣ್ಣವಿಲ್ಲದಿರುವುದನ್ನು ಬಿಳಿ ಬಟ್ಟೆಯಿಂದ ಒರೆಸಿ ನೋಡಿದಾಗ ಅದು ಗಾಳಿಯಲ್ಲಿದ್ದ ನೀರಾವಿಯೆಂಬುದು ತಿಳಿಯುತ್ತದೆ. ಮಳೆಗಾಲದಲ್ಲಿ ಹನಿಗಳು ಬೇಗ ಮೂಡುತ್ತವೆ. ಬೇಸಿಗೆಯ ಒಣಹವೆಯಲ್ಲಿ ತಡವಾಗಬಹುದು.

ಕರಗುವಿಕೆ ಮತ್ತು ಘನೀಕರಣ

ಕೊಬ್ಬರಿ ಎಣ್ಣೆ ಸುಮಾರು 24 ಡಿಗ್ರಿಯಲ್ಲಿ ಕರಗುತ್ತದೆ. ಚಳಿಗಾಲದ ಬೆಳಿಗ್ಗೆ ಮನೆಯಲ್ಲಿ ಗಟ್ಟಿಯಾದ ಎಣ್ಣೆಯ ಸೀಸೆಯನ್ನು ತರಿಸಿ ಬಿಸಿಲಿಗಿಟ್ಟರೆ ಸಾಕು, ಬೆಂಕಿಯ ಅಗತ್ಯವೇ ಇಲ್ಲ.

ಕೈಗಾರಿಕಾ ಪ್ರದೇಶದ ಮಗ್ಗುಲಲ್ಲಿ ಬೆಳೆಯುವ ತಾರಿಹಾಳದ ಮಕ್ಕಳಿಗೆ ಕಬ್ಬಿಣವೂ ಕರಗುತ್ತದೆಯೇ ಎಂಬ ಪ್ರಶ್ನೆ ಸಹಜ. ಶುದ್ಧ ಕಬ್ಬಿಣ 1538 ಡಿಗ್ರಿಯಲ್ಲಿ ಕರಗುತ್ತದೆ. ಎರಕ ಹೊಯ್ಯುವ ಬಗೆಯನ್ನು ಮೇಣದಿಂದ ತೋರಿಸಬಹುದಾಗಿದೆ. ಮಣ್ಣಿನ ಪಣತಿಗೆ ಸುರಿದ ಮೇಣ ಗಟ್ಟಿಯಾಗುವಾಗ ಕುಗ್ಗಿ, ನಡುವೆ ತಗ್ಗು ಬೀಳುತ್ತದೆ. ಲೋಹವೂ ಸಾಮಾನ್ಯವಾಗಿ ಹೀಗೆ ಕುಗ್ಗುವುದರಿಂದಲೇ ಎರಕದ ಅಚ್ಚನ್ನು ಬೇಕಾದ ಅಳತೆಗಿಂತ ತುಸು ದೊಡ್ಡದಾಗಿ ಮಾಡುತ್ತಾರೆ. ನೀರು ಮಾತ್ರ ಇದಕ್ಕೆ ವ್ಯತಿರಿಕ್ತವಾಗಿ ಹೆಪ್ಪುಗಟ್ಟುವಾಗ ಹಿಗ್ಗುತ್ತದೆ. ಮೇಣವನ್ನು ನೇರವಾಗಿ ಜ್ವಾಲೆಯ ಮೇಲಿಡದೆ ಬಿಸಿನೀರಿನ ಪಾತ್ರೆಯೊಳಗಿಟ್ಟು ಕರಗಿಸಬೇಕು. ಸುರಿಯುವ ಕೆಲಸವನ್ನು ಶಿಕ್ಷಕರೇ ಮಾಡತಕ್ಕದ್ದು.