ಸೊನ್ನೆಗೆ ಹಾಕಿದ ಬೀಗ

ತಿ. ನರಸೀಪುರದ ಎಸ್‌ಟಿಡಿ ಕೋಡ್ 08227, ನಂಜನಗೂಡಿನದು 08221. ಎರಡೂ ಅಕ್ಕಪಕ್ಕದ ತಾಲ್ಲೂಕು. ನಮ್ಮೂರಲ್ಲಿ ಕಾವೇರಿಯನ್ನು ಸೇರುವ ಕಪಿಲೆ ನಂಜನಗೂಡನ್ನು ಮುಟ್ಟಿಯೇ ಬರುತ್ತಾಳೆ. ಆದರೆ ಅಂಗಡಿಗಳ ಮುಂದಿದ್ದ ಒಂದು ರೂಪಾಯಿ ಫೋನುಗಳಲ್ಲಿ ಬಹುತೇಕವಕ್ಕೆ ಸೊನ್ನೆಯಿಂದ ಶುರುವಾಗುವ ನಂಬರು ನಿಷಿದ್ಧವಾಗಿತ್ತು. ಸ್ಥಳೀಯ ಕರೆ ಮಾತ್ರ. ಈ ಸೊನ್ನೆಗೆ ಬೀಗ ಯಾಕೆ ಬಿತ್ತು ಎಂದು ಹುಡುಕುತ್ತ ಹೋದಾಗ ನನಗೆ ಸಿಕ್ಕಿದ್ದು ಬಿಲ್ಲಿನ ಕಥೆ.

ಭಾರತದಲ್ಲಿ ಎಸ್‌ಟಿಡಿ ಶುರುವಾದದ್ದು 1960ರಲ್ಲಿ, ಕಾನ್ಪುರ ಮತ್ತು ಲಖನೌ ನಡುವೆ. ಅದಕ್ಕೆ ಮುಂಚೆ ದೂರದ ಊರಿಗೆ ಟ್ರಂಕ್ ಕಾಲ್ ಬುಕ್ ಮಾಡಿ ಕಾಯಬೇಕಿತ್ತು. ಯಾರು ಎಲ್ಲಿಗೆ ಮಾತಾಡಿದರೆಂದು ಆಪರೇಟರ್ ಚೀಟಿಯಲ್ಲಿ ಬರೆದಿಡುತ್ತಿದ್ದರು. ಎಸ್‌ಟಿಡಿ ಬಂದಮೇಲೆ ಆ ಚೀಟಿ ಹೋಯಿತು. ಉಳಿದದ್ದು ಎಕ್ಸ್‌ಚೇಂಜಿನ ಮೀಟರು. ಊರು ದೂರವಾದಷ್ಟೂ ಅದು ಬೇಗ ಬೇಗ ಓಡುತ್ತಿತ್ತು, ಆದರೆ ಕರೆ ಎಲ್ಲಿಗೆ ಹೋಯಿತೆಂದು ಹೇಳುತ್ತಿರಲಿಲ್ಲ. ಕಂಬದ ಪೆಟ್ಟಿಗೆಯಲ್ಲಿ ಎರಡು ತಂತಿ ಸಿಕ್ಕಿಸಿ ಯಾರೋ ಮಾತಾಡಿದರೂ ಬಿಲ್ಲು ಬರುತ್ತಿದ್ದುದು ಆ ಲೈನಿನ ಚಂದಾದಾರನಿಗೆ. ನಾನು ಮಾತಾಡಿಲ್ಲ ಎಂದು ಸಾಬೀತು ಮಾಡುವುದು ಹೇಗೆ?

ಹಾಗಾಗಿ ಜನ ಡಯಲಿನ ರಂಧ್ರಕ್ಕೆ ಪುಟ್ಟ ಬೀಗ ಹಾಕಿದರು. ಅದನ್ನೂ ಮೀರುವ ಉಪಾಯವಿತ್ತು. ಹಳೆಯ ಡಯಲ್ ಮಾಡುತ್ತಿದ್ದ ಕೆಲಸ ಲೈನನ್ನು ಎಣಿಸಿದಷ್ಟು ಸಲ ಕಡಿದು ಕೂಡಿಸುವುದಷ್ಟೇ. ರಿಸೀವರ್ ಇಡುವ ಜಾಗದ ಗುಂಡಿಯನ್ನು ಲಯ ತಪ್ಪದೆ ತಟ್ಟಿದರೂ ಅದೇ ಆಗುತ್ತಿತ್ತು. ಹತ್ತು ಸಲ ತಟ್ಟಿದರೆ ಸೊನ್ನೆ! ಅಮೆರಿಕದಲ್ಲಿ ಇದೇ ಬಗೆಯ ಕುತೂಹಲಿಗಳು 2600 ಹರ್ಟ್ಸ್‌ನ ಸಿಳ್ಳೆಯಿಂದ ದೂರದ ಲೈನುಗಳನ್ನೇ ಮರುಳು ಮಾಡಿದ್ದರು. ಅವರಲ್ಲಿ ಜೋ ಎಂಗ್ರೆಸ್ಸಿಯಾ ಹುಟ್ಟುಕುರುಡ. ಬಾಯಿಂದಲೇ ಆ ಸ್ವರ ಹಿಡಿಯುತ್ತಿದ್ದ. ಅಲ್ಲಿ ನಷ್ಟ ಕಂಪನಿಯದು, ಆದ್ದರಿಂದ ಆ ಸಾಹಸಗಳನ್ನು ನಗುತ್ತ ಓದಬಹುದು. ನಮ್ಮಲ್ಲಿ ಕದ್ದ ಕರೆಯ ಹಣ ತೆರುತ್ತಿದ್ದುದು ಪಕ್ಕದ ಬೀದಿಯವರು.

1984ರಲ್ಲಿ ಸ್ಥಾಪನೆಯಾದ ಸಿ-ಡಾಟ್ ಸಂಸ್ಥೆ ಹಳ್ಳಿಗಳಿಗೆಂದು ರೂಪಿಸಿದ ಎಲೆಕ್ಟ್ರಾನಿಕ್ ಎಕ್ಸ್‌ಚೇಂಜುಗಳಲ್ಲಿ ಮೊದಲನೆಯದು ನಮ್ಮ ಕಿತ್ತೂರಿನಲ್ಲೇ 1986ರಲ್ಲಿ ಕೆಲಸ ಶುರುಮಾಡಿತು. ಎಕ್ಸ್‌ಚೇಂಜುಗಳು ಎಲೆಕ್ಟ್ರಾನಿಕ್ ಆದಂತೆ ಬೀಗ ಡಯಲಿನಿಂದ ಎಕ್ಸ್‌ಚೇಂಜಿನೊಳಕ್ಕೆ ಹೋಯಿತು. ಯಾವ ಲೈನಿಗೆ ಸೊನ್ನೆ ಕೊಡಬೇಕು, ಯಾವುದಕ್ಕೆ ಕೊಡಬಾರದು ಎಂದು ಅಲ್ಲೇ ನಿಗದಿಯಾಗುತ್ತಿತ್ತು. ಮನೆಯವರು ಗುಪ್ತಸಂಖ್ಯೆ ಒತ್ತಿ ತಾವೇ ಎಸ್‌ಟಿಡಿ ಮುಚ್ಚಿ ತೆರೆಯಬಹುದಿತ್ತು. ಕಾಯಿನ್ ಫೋನಿನ ಮುಂದೆ ನಿಂತವನಿಗೆ ಅಂಥ ಸಂಖ್ಯೆ ಇರಲಿಲ್ಲ.

ಅವನಿಗಿದ್ದ ದಾರಿ ಹಳದಿ ಬೋರ್ಡಿನ ಎಸ್‌ಟಿಡಿ ಬೂತ್. ನನಗೆ ಇಡೀ ಚರಿತ್ರೆಯಲ್ಲಿ ಮುಖ್ಯವಾಗಿ ಕಾಣುವವರು ಈ ಬೂತಿನವರೇ. ಪರವಾನಗಿಯಲ್ಲಿ ಅಂಗವಿಕಲರಿಗೆ, ಮಾಜಿ ಸೈನಿಕರಿಗೆ ಆದ್ಯತೆ ಇತ್ತು. ಠೇವಣಿ ಕಟ್ಟಿ, ಕಮಿಷನ್ನಿಗೆ ದುಡಿಯುವವರು. ಬೂತಿನ ಯಂತ್ರ ಎಕ್ಸ್‌ಚೇಂಜಿನಿಂದ ಬರುವ ಸಂಕೇತ ಹಿಡಿದು ಹಣ ತೋರಿಸುತ್ತಿತ್ತು. ಸಂಕೇತ ತಪ್ಪಿದರೆ ಇಲ್ಲಿ ಸೊನ್ನೆ, ಅಲ್ಲಿ ಮೀಟರು ಓಡುತ್ತಲೇ ಇರುತ್ತಿತ್ತು. ಇಲಾಖೆಯ ಬಿಲ್ಲು ಅಲ್ಲಿನ ಲೆಕ್ಕದಂತೆ. ಗಿರಾಕಿ ಆಗಲೇ ಬಸ್ ಹತ್ತಿರುತ್ತಿದ್ದ. ನಮ್ಮ ಕಡೆ ಬೂತ್ ನಡೆಸಿದ್ದ ಹಿರಿಯರೊಬ್ಬರು ಅಪರಿಚಿತರಿಂದ ಮೊದಲೇ ದುಡ್ಡು ಇಸಿದುಕೊಳ್ಳುತ್ತಿದ್ದರಂತೆ. “ಜನ ನನ್ನನ್ನ ಜಿಪುಣ ಅಂತಿದ್ರು ಕಣಪ್ಪ, ಬಿಲ್ಲು ಬಂದಾಗ ಯಾರೂ ಬರ್ತಿರ್ಲಿಲ್ಲ” ಎಂದರು. ಇನ್ನೊಂದು ಕಡೆ, ಯಂತ್ರವನ್ನೇ ತಿದ್ದಿ ಗಿರಾಕಿಯಿಂದ ಹೆಚ್ಚು ಕೀಳುವ ಬೂತಿನವರೂ ಇದ್ದರು. ಮುದ್ರಿತ ಚೀಟಿ ಕೊಡಬೇಕೆಂಬ ನಿಯಮ ಸುಮ್ಮನೆ ಬಂದದ್ದಲ್ಲ.

2000ದ ದಶಕದ ಆರಂಭದಲ್ಲಿ ರಾಜ್ಯದೊಳಗಿನ ಹತ್ತಿರದ ಊರುಗಳಿಗೆ ಸೊನ್ನೆಯ ಬದಲು 95 ಒತ್ತುವ ಏರ್ಪಾಡು ಬಂತು. ಸೊನ್ನೆಗೆ ಬೀಗ ಬಿದ್ದ ಫೋನಿಗೂ ಪಕ್ಕದ ತಾಲ್ಲೂಕು ಎಟುಕಿತು. 2003ರಲ್ಲಿ ಮೊಬೈಲಿಗೆ ಬರುವ ಕರೆ ಉಚಿತವಾಯಿತು. 2006ರ ಮಾರ್ಚ್ 1ರಿಂದ ಬಿಎಸ್‌ಎನ್‌ಎಲ್‌ನ ‘ಒನ್ ಇಂಡಿಯಾ’ ಯೋಜನೆಯಲ್ಲಿ ದೇಶದ ಯಾವ ಮೂಲೆಗಾದರೂ ನಿಮಿಷಕ್ಕೆ 1 ರೂಪಾಯಿ. ಅಷ್ಟು ಅಗ್ಗದ ಕರೆಯನ್ನು ಕದಿಯಲು ಕಂಬ ಹತ್ತುವವರು ಯಾರು? ಆ ಹಿರಿಯರ ಬೂತಿನಲ್ಲಿ ಮೊದಲು ರೀಚಾರ್ಜ್ ಕೂಪನ್ ಬಂದವು, ಆಮೇಲೆ ಜೆರಾಕ್ಸ್ ಯಂತ್ರ. ಗಾಜಿನ ಗೂಡಿನೊಳಗೆ ಈಗ ಕಾಗದದ ಬಂಡಲ್ ಜೋಡಿಸಿಟ್ಟಿದ್ದಾರೆ.