ಕಾರಿನ ರಿಮೋಟ್ ಕೀ ಕಳೆದ್ರೆ, ಕೆಟ್ಟೋದ್ರೆ ಏನು ಮಾಡಬೇಕು?

ಸಂತೆಯಲ್ಲೋ ಜಾತ್ರೆಯಲ್ಲೋ ಕಾರಿನ ಕೀ ಬಿದ್ದುಹೋದರೆ ಹೆಚ್ಚಿನವರು ಮಾಡೋದು ಒಂದೇ ಕೆಲಸ. ಮನೆಯಲ್ಲಿರೋ ಎರಡನೇ ಕೀ ತಂದು ಗಾಡಿ ಓಡಿಸ್ತಾರೆ, ವಿಷಯ ಅಲ್ಲಿಗೇ ಮರೀತಾರೆ. ಆದರೆ ಮುಂದೆ ಕಾರು ಕಳುವಾದರೆ ವಿಮಾ ಕಂಪನಿ ಸಾಮಾನ್ಯವಾಗಿ ಎರಡೂ ಒರಿಜಿನಲ್ ಕೀ ಕೇಳುತ್ತೆ. ಒಂದು ಕೀ ಕಳೆದಿದ್ದಕ್ಕೆ ದಾಖಲೆ ಇಲ್ಲದಿದ್ದರೆ ಕ್ಲೇಮ್‌ಗೆ ಕೊಕ್ಕೆ ಬೀಳಬಹುದು.

ಕಳೆದುಹೋದರೆ

ಮೊದಲ ಕೆಲಸ ಪೊಲೀಸ್ ದಾಖಲೆ. ರಾಜ್ಯ ಪೊಲೀಸರ ಆ್ಯಪ್‌ನಲ್ಲಿ ಇ-ಲಾಸ್ಟ್ ವರದಿ ಮಾಡಿಕೊಳ್ಳಬಹುದು, ಇಲ್ಲವೇ ಠಾಣೆಯಲ್ಲಿ ಅರ್ಜಿ ಕೊಟ್ಟು ಸ್ವೀಕೃತಿ ಪಡೆಯಬಹುದು. ಕೀ ಕದ್ದಿದ್ದಾದರೆ ಠಾಣೆಗೇ ಹೋಗಿ ದೂರು ಕೊಡಬೇಕು. ನಂತರ ವಿಮಾ ಕಂಪನಿಗೆ ಲಿಖಿತವಾಗಿ ತಿಳಿಸಬೇಕು. ಪಾಲಿಸಿಯಲ್ಲಿ ಕೀ ರಿಪ್ಲೇಸ್‌ಮೆಂಟ್ ಆ್ಯಡ್-ಆನ್ ಇದ್ದರೆ ಹೊಸ ಕೀ ಖರ್ಚೂ ಸಿಗಬಹುದು.

ಶೋರೂಮಿಗೆ ಹೋಗುವಾಗ ಆರ್‌ಸಿ, ಮಾಲೀಕರ ಗುರುತಿನ ಚೀಟಿ, ಪೊಲೀಸ್ ವರದಿ, ಉಳಿದ ಕೀ ಒಯ್ಯಬೇಕು. ಕಾರು ಕೊಂಡಾಗ ಕೀ ಜೊತೆ ಬಂದ ನಂಬರಿನ ಚಿಕ್ಕ ಬಿಲ್ಲೆ ಇದ್ದರೆ ಕೆಲಸ ಸಲೀಸು. ಪ್ರೋಗ್ರಾಮಿಂಗ್‌ಗೆ ಕಾರೂ ಅಲ್ಲೇ ಇರಬೇಕು. ಎರಡೂ ಕೀ ಕಳೆದಿದ್ದರೆ ಟೋಯಿಂಗ್ ಖರ್ಚು ಬೇರೆ.

ಹೊಸ ಕೀ ಮಾಡಿಸುವಾಗಲೇ ಹಳೆ ಕೀಯನ್ನು ಕಾರಿನ ಕಂಪ್ಯೂಟರಿನಿಂದ ಡಿಲೀಟ್ ಮಾಡಿಸಬೇಕು. ಆಗ ಅದರಿಂದ ಎಂಜಿನ್ ಸ್ಟಾರ್ಟ್ ಆಗಲ್ಲ. ಆದರೆ ಬಾಗಿಲ ಬೀಗ ಅದೇ ಕಬ್ಬಿಣದ ಕೀಗೆ ತೆರೆಯುತ್ತೆ. ಸಿಕ್ಕವರಿಗೆ ಕಾರು ಯಾರದ್ದು ಅಂತ ಗೊತ್ತಿರೋ ಅನುಮಾನ ಇದ್ದರೆ ಲಾಕ್ ಸೆಟ್ ಬದಲಿಸೋದೇ ವಾಸಿ.

ಕೆಟ್ಟುಹೋದರೆ

ಬಟನ್ ಒತ್ತಿದರೂ ಲಾಕ್ ಆಗದಿದ್ದರೆ ಮೊದಲು ಸೆಲ್ ಬದಲಿಸಿ ನೋಡಬೇಕು. ಸಾಕಷ್ಟು ರಿಮೋಟ್‌ಗಳಲ್ಲಿ ಇರೋದು ಸಿಆರ್ 2032 ಅನ್ನೋ 3 ವೋಲ್ಟಿನ ನಾಣ್ಯದಂಥ ಸೆಲ್. ಕೆಲವಕ್ಕೆ ಬೇರೆ ಅಳತೆ ಬೇಕು, ಹಳೆ ಸೆಲ್ ಮೇಲಿನ ನಂಬರ್ ನೋಡಿಯೇ ಕೊಳ್ಳಬೇಕು. ಪುಶ್ ಬಟನ್ ಕಾರಿನ ರಿಮೋಟ್ ಒಳಗೆ ಚಿಕ್ಕ ಕಬ್ಬಿಣದ ಕೀ ಅಡಗಿರುತ್ತೆ, ಬಾಗಿಲು ಅದರಿಂದ ತೆರೆಯಬಹುದು. ಹಲವು ಮಾಡೆಲ್‌ಗಳಲ್ಲಿ ರಿಮೋಟನ್ನು ಸ್ಟಾರ್ಟ್ ಬಟನ್‌ಗೆ ತಾಗಿಸಿ ಒತ್ತಿದರೆ ಸೆಲ್ ಸತ್ತಿದ್ದರೂ ಎಂಜಿನ್ ಸ್ಟಾರ್ಟ್ ಆಗುತ್ತೆ.

ಬರೀ ಕವರ್ ಒಡೆದಿದ್ದರೆ ಹೊಸ ಕೀ ಬೇಕಿಲ್ಲ, ಕೀ ಅಂಗಡಿಯಲ್ಲಿ ಕವರ್ ಹಾಕಿಸಿದರೆ ಸಾಕು. ಒಂದೇ ಎಚ್ಚರ: ಕೆಲವು ಕೀಗಳಲ್ಲಿ ಅಕ್ಕಿಕಾಳಿಗಿಂತ ಸ್ವಲ್ಪ ದೊಡ್ಡ ಇಮ್ಮೊಬಿಲೈಸರ್ ಚಿಪ್ ಬೇರೆಯಾಗಿ ಕೂತಿರುತ್ತೆ. ಅದು ಹಳೆ ಕವರ್‌ನಲ್ಲೇ ಉಳಿದರೆ ಬಾಗಿಲು ತೆರೆಯುತ್ತೆ, ಗಾಡಿ ಸ್ಟಾರ್ಟ್ ಆಗಲ್ಲ. ಅಂಗಡಿ ಬಿಡುವ ಮುಂಚೆ ಒಮ್ಮೆ ಎಂಜಿನ್ ಸ್ಟಾರ್ಟ್ ಮಾಡಿ ನೋಡಬೇಕು, ಹಳೆ ಕವರ್ ಅಲ್ಲೀತನಕ ಎಸೆಯಬಾರದು.

ಹೊಸ ಕೀಯ ಬಿಲ್ ಮತ್ತು ಪೊಲೀಸ್ ವರದಿಯನ್ನು ವಿಮೆ ಪತ್ರದ ಜೊತೆಗೇ ಇಡಬೇಕು, ಕಾರಿನೊಳಗೆ ಅಲ್ಲ, ಮನೆಯಲ್ಲಿ.