ಉಪ್ಪಿನ ದಾರಿಯಲ್ಲಿ ಚಾರಣಿಗರು

ಹಿಮಾಲಯದ ಒಳಕಣಿವೆಗಳಲ್ಲಿ ಗೈಡು, ಅಡುಗೆಯವರು, ಹೊರೆಯಾಳುಗಳು, ಡೇರೆಗಳ ಸಮೇತ ದಿನಗಟ್ಟಲೆ ನಡೆಯುವ ಚಾರಣವನ್ನು ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಹುಟ್ಟಿದ ಪ್ರವಾಸೋದ್ಯಮದ ಶಾಖೆಯೆಂದು ಗಣಿಸುವುದು ವಾಡಿಕೆ. ವ್ಯವಹಾರದ ಲೆಕ್ಕದಲ್ಲಿ ಆ ಗಣನೆ ತಪ್ಪಲ್ಲ. ಆದರೆ ಚಾರಣದ ದಾರಿಗಳನ್ನೂ, ತಂಗುದಾಣಗಳನ್ನೂ, ದಾರಿ ತೋರುವವರ ಹಿಂದಿನ ಬದುಕನ್ನೂ ಪರಿಶೀಲಿಸಿದಾಗ ಅದರ ಅಡಿಯಲ್ಲಿ ಇನ್ನೊಂದು ಕಸುಬು ಹುದುಗಿರುವುದು ಕಾಣುತ್ತದೆ. ಟಿಬೆಟ್ಟಿನ ಉಪ್ಪು, ಉಣ್ಣೆ, ಬಿಳಿಗಾರಗಳನ್ನು ದಕ್ಷಿಣದ ಧಾನ್ಯ, ಬೆಲ್ಲ, ಬಟ್ಟೆಗಳೊಂದಿಗೆ ವಿನಿಮಯ ಮಾಡಿಕೊಳ್ಳುತ್ತಿದ್ದ ಕಣಿವೆಯ ವರ್ತಕರ ಕಸುಬು ಅದು. ಆ ವ್ಯಾಪಾರ ನಿಂತುಹೋದ ಹೊತ್ತಿಗೂ ಚಾರಣ ತಲೆಯೆತ್ತಿದ ಹೊತ್ತಿಗೂ ನಡುವೆ ಹೆಚ್ಚು ವರ್ಷಗಳ ಅಂತರವಿಲ್ಲ ಎಂಬುದನ್ನು ಕೇವಲ ಕಾಕತಾಳೀಯವೆಂದು ತಳ್ಳಿಹಾಕಲಾಗದು.

ಪರ್ವತಸಾಲನ್ನು ದಾಟಲು ಎಡೆಗೊಡುವ ತಗ್ಗನ್ನು ಟಿಬೆಟನ್ ಭಾಷೆಯಲ್ಲಿ 'ಲಾ' ಎಂದೂ ಕುಮಾವೂಂ ಸೀಮೆಯಲ್ಲಿ 'ಧುರಾ' ಎಂದೂ ಕರೆಯುತ್ತಾರೆ. ಘಟ್ಟ ಹತ್ತಿ ಇಳಿಯುವುದನ್ನು ಬಲ್ಲ ಕನ್ನಡಿಗರಿಗೆ 'ಘಟ್ಟ' ಎಂಬ ಮಾತೇ ಅದಕ್ಕೆ ಹತ್ತಿರವಾದೀತು. ಇಂದಿನ ಉತ್ತರಾಖಂಡದ ಪಿಥೋರಾಗಢ ಜಿಲ್ಲೆಯಲ್ಲಿರುವ, ಗೋರಿ ಗಂಗಾ ನದಿ ಕೊರೆದ ಜೋಹಾರ ಕಣಿವೆಯ ವರ್ತಕರು ಊಂಟಾ ಧುರಾ, ಜಯಂತಿ, ಕುಂಗ್ರಿ ಬಿಂಗ್ರಿ ಎಂಬ ಮೂರು ಘಟ್ಟಗಳನ್ನು ಒಂದರ ಹಿಂದೊಂದರಂತೆ ದಾಟಿ ಟಿಬೆಟ್ಟಿನ ಗ್ಯಾನಿಮಾ ಸಂತೆಯನ್ನು ಸೇರುತ್ತಿದ್ದರು. ಐದು ಸಾವಿರ ಮೀಟರ್ ಮೀರಿದ ಆ ಎತ್ತರಕ್ಕೆ ಹೊರೆ ಸಾಗಿಸುತ್ತಿದ್ದವುಗಳಲ್ಲಿ ಬೆನ್ನಿನ ಎರಡು ಬದಿಗೆ ಪುಟ್ಟ ಚೀಲಗಳನ್ನು ಇಳಿಬಿಟ್ಟುಕೊಂಡ ಕುರಿ ಮೇಕೆಗಳ ಪಾಲು ದೊಡ್ಡದು. ಹೊರೆ ಹೊರುವ ಪ್ರಾಣಿಯೇ ದಾರಿಬದಿಯ ಹುಲ್ಲು ಮೇಯ್ದು ಸಾಗುತ್ತಿದ್ದುದರಿಂದ ಬೀಡು ಬಿಡುವ ತಾಣಗಳನ್ನು ನೀರು ಮತ್ತು ಹುಲ್ಲುಗಾವಲುಗಳೇ ಗೊತ್ತುಮಾಡುತ್ತಿದ್ದವು. ಬೇಸಿಗೆಯಲ್ಲಿ ಸುಮಾರು 3,400 ಮೀಟರ್ ಎತ್ತರದ ಮಿಲಂ ಮುಂತಾದ ಊರುಗಳಲ್ಲಿಯೂ ಚಳಿಗಾಲದಲ್ಲಿ ಮುನ್ಸಿಯಾರಿ ಮತ್ತು ಅದರ ಕೆಳಗಿನ ನೆಲೆಗಳಲ್ಲಿಯೂ ಬಾಳುತ್ತಿದ್ದ ಈ ಜೋಹಾರಿ ಶೌಕರಿಗೆ (ಬ್ರಿಟಿಷ್ ದಾಖಲೆಗಳ 'ಭೋಟಿಯಾ'ಗಳಿಗೆ) ಟಿಬೆಟ್ಟಿನಲ್ಲಿ ತಲೆಮಾರುಗಳಿಂದ ಬಂದ ಗೊತ್ತಾದ ಪಾಲುದಾರರಿದ್ದರು, ಅವರನ್ನು 'ಮಿತ್ರ' ಎಂದೇ ಕರೆಯಲಾಗುತ್ತಿತ್ತು. ಹಿಮ ಯಾವಾಗ ಗಟ್ಟಿಯಾಗಿರುತ್ತದೆ, ಯಾವ ಹೊಳೆಯನ್ನು ಬೆಳಗಿನ ಹೊತ್ತೇ ದಾಟಬೇಕು, ಎತ್ತರಕ್ಕೆ ಮೈ ಒಗ್ಗಲು ಎಲ್ಲಿ ತಂಗಬೇಕು ಎಂಬ ತಿಳಿವಳಿಕೆ ಇವರಿಗೆ ವ್ಯಾಪಾರದ ಬಂಡವಾಳದಷ್ಟೇ ಅಗತ್ಯವಾಗಿತ್ತು.

ಈ ತಿಳಿವಳಿಕೆಗೆ ಕೂಲಿ ಕೊಟ್ಟು ಕೊಂಡ ಆರಂಭದವರಲ್ಲಿ ಸೇರಿದವರು ಈಸ್ಟ್ ಇಂಡಿಯಾ ಕಂಪನಿಯ ಪರವಾಗಿ ಭೂಕಾಂತತ್ವದ ಅಳತೆಗೆಂದು ಬಂದ ಶ್ಲಾಗಿಂಟ್‌ವೈಟ್ ಎಂಬ ಜರ್ಮನ್ ಸೋದರರು. 1855ರಲ್ಲಿ ಅವರ ಜೊತೆ ಟಿಬೆಟ್ಟಿನ ಕಡೆಗೆ ಹೊರಟ ಮಿಲಂ ಊರಿನವರಲ್ಲಿ ನೈನ್ ಸಿಂಗ್ ರಾವತ್ ಒಬ್ಬ. ಇದೇ ನೈನ್ ಸಿಂಗ್‌ನನ್ನು 1863ರಲ್ಲಿ ಸರ್ವೇಕ್ಷಣ ಇಲಾಖೆಯು ಡೆಹರಾಡೂನಿಗೆ ಕರೆಸಿ, ಸಮನಾದ ಹೆಜ್ಜೆಯಿಡುವುದನ್ನೂ, ನಕ್ಷತ್ರಗಳಿಂದ ಅಕ್ಷಾಂಶವನ್ನು, ನೀರಿನ ಕುದಿಬಿಂದುವಿನಿಂದ ಎತ್ತರವನ್ನು ಕಂಡುಕೊಳ್ಳುವುದನ್ನೂ ಕಲಿಸಿ, ಯುರೋಪಿಯನ್ನರಿಗೆ ಪ್ರವೇಶವಿಲ್ಲದ ಟಿಬೆಟ್ಟಿಗೆ ಗುಟ್ಟಾಗಿ ಕಳುಹಿಸಿತು. 108 ಮಣಿಗಳ ಜಪಮಾಲೆಯ ಬದಲು ಎಣಿಕೆಗೆ ಅನುಕೂಲವಾಗಲೆಂದು 100 ಮಣಿಗಳ ಮಾಲೆಯನ್ನು ಹಿಡಿದು, ನೂರು ಹೆಜ್ಜೆಗೊಂದು ಮಣಿಯನ್ನು ಸರಿಸುತ್ತ, ಟಿಪ್ಪಣಿಗಳನ್ನು ಪ್ರಾರ್ಥನಾಚಕ್ರದೊಳಗೆ ಅಡಗಿಸುತ್ತ ಆತ 1866ರ ಜನವರಿಯಲ್ಲಿ ಲಾಸಾ ತಲುಪಿದ. ಲಂಡನ್ನಿನ ರಾಯಲ್ ಜಿಯಾಗ್ರಫಿಕಲ್ ಸೊಸೈಟಿ 1877ರಲ್ಲಿ ಆತನಿಗೆ ಚಿನ್ನದ ಪದಕ ನೀಡಿತಾದರೂ, ಆ ಮೊದಲಿನ ವರದಿಗಳಲ್ಲಿ ಗುಟ್ಟು ಕಾಯುವ ಸಲುವಾಗಿ ಆತ ಬರಿಯ 'ಪಂಡಿತ'ನಾಗಿ ಉಳಿದಿದ್ದ. ದಾರಿ ಬಲ್ಲವನ ಹೆಸರು ಮರೆಯಾಗಿ ದಾರಿಯಷ್ಟೇ ನಕ್ಷೆಯಲ್ಲಿ ಉಳಿಯುವ ಈ ರೂಢಿಯನ್ನು ಗೂಢಚರ್ಯೆಯ ಅಗತ್ಯ ಒಂದು ಮಟ್ಟಿಗೆ ಸಮರ್ಥಿಸಬಹುದು. ಅಂಥ ಅಗತ್ಯವೇನೂ ಇಲ್ಲದಿದ್ದ ಮುಂದಿನ ಪರ್ವತಾರೋಹಣ ಬರಹಗಳಲ್ಲೂ ಅದು ಮುಂದುವರಿದುದಕ್ಕೆ ಆ ಸಮರ್ಥನೆ ಸಲ್ಲದು.

ಜೋಹಾರದಿಂದ ಬಹು ದೂರ ಪೂರ್ವಕ್ಕೆ, ನೇಪಾಳದ ಖುಂಬು ಸೀಮೆಯ ಶೆರ್ಪಾಗಳು ಇದೇ ಬಗೆಯ ಬಾಳನ್ನು ಬಾಳುತ್ತಿದ್ದರು. 5,700 ಮೀಟರ್ ಎತ್ತರದ ನಾಂಗ್ಪಾ ಲಾ ಘಟ್ಟವನ್ನು ದಾಟಿ ಟಿಬೆಟ್ಟಿನ ಟಿಂಗ್ರಿ ಬಯಲಿನೊಂದಿಗೆ ಅವರು ವ್ಯಾಪಾರ ನಡೆಸುತ್ತಿದ್ದು, ನಾಮ್ಚೆ ಊರು ಅದರ ಕಟ್ಟೆಯಾಗಿತ್ತು. ಬ್ರಿಟಿಷರು 1835ರಲ್ಲಿ ಸಿಕ್ಕಿಂ ಅರಸರಿಂದ ಪಡೆದ ಡಾರ್ಜಿಲಿಂಗ್ ಬೆಟ್ಟ ಚಹಾ ತೋಟ, ರಸ್ತೆ ಕೆಲಸಗಳಿಂದ ಬೆಳೆದಂತೆ ಕೂಲಿ ಅರಸಿ ಅಲ್ಲಿಗೆ ಹೋದ ಶೆರ್ಪಾಗಳನ್ನು ಎತ್ತರದ ಪರ್ವತಗಳಿಗೆ ತಕ್ಕ ಸಂಗಾತಿಗಳೆಂದು ಗುರುತಿಸಿದವರಲ್ಲಿ ಸ್ಕಾಟ್ಲೆಂಡಿನ ರಸಾಯನಶಾಸ್ತ್ರಜ್ಞ ಅಲೆಕ್ಸಾಂಡರ್ ಕೆಲಾಸ್ ಮುಖ್ಯನು. ಎತ್ತರದಲ್ಲಿ ಮೈ ಹೇಗೆ ವರ್ತಿಸುತ್ತದೆ ಎಂಬುದರ ಅಧ್ಯಯನದಲ್ಲಿ ತೊಡಗಿದ್ದ ಆತ 1907ರ ನಂತರ ಹಲವು ಬಾರಿ ಇತರ ಯುರೋಪಿಯನ್ನರ ಹಂಗಿಲ್ಲದೆ ಸ್ಥಳೀಯರೊಂದಿಗೇ ಸಿಕ್ಕಿಂ ಶಿಖರಗಳನ್ನೇರಿದನು, 1911ರಲ್ಲಿ 7,128 ಮೀಟರ್ ಎತ್ತರದ ಪೌಹುನ್ರಿಯನ್ನೂ ಮುಟ್ಟಿದನು. 1921ರ ಎವರೆಸ್ಟ್ ಶೋಧಯಾತ್ರೆಯ ದಾರಿಯಲ್ಲಿಯೇ ಆತ ತೀರಿಕೊಂಡನಾದರೂ ಶೆರ್ಪಾಗಳನ್ನು ನೇಮಿಸಿಕೊಳ್ಳುವ ಪದ್ಧತಿ ನೆಲೆಯೂರಿತು. ಅದರ ಬೆಲೆ ಮರುವರ್ಷವೇ ತಿಳಿಯಿತು: 1922ರಲ್ಲಿ ಎವರೆಸ್ಟಿನ ಉತ್ತರ ಪಾರ್ಶ್ವದ ಹಿಮಕುಸಿತದಲ್ಲಿ ಸತ್ತ ಏಳೂ ಮಂದಿ ಹೊರೆಯಾಳುಗಳು.

1928ರಲ್ಲಿ ಸ್ಥಾಪಿತವಾದ ಹಿಮಾಲಯನ್ ಕ್ಲಬ್ ಈ ಕಸುಬಿಗೊಂದು ಕಟ್ಟುಪಾಡು ತಂದಿತು. ಡಾರ್ಜಿಲಿಂಗಿನಲ್ಲಿ ಆಳುಗಳ ಪಟ್ಟಿಯನ್ನಿಟ್ಟು, ಅವರ ಅನುಭವವನ್ನು ದಾಖಲಿಸಿ, ಅತಿ ಎತ್ತರದಲ್ಲಿ ದುಡಿದ ನುರಿತವರಿಗೆ 'ಟೈಗರ್' ಬಿಲ್ಲೆ ಕೊಡುವ ಪದ್ಧತಿ ಬಂದಿತು. ತಂಡದ ಆಳುಗಳನ್ನು ಆರಿಸಿ, ಹೊರೆ ಹಂಚಿ, ಬಟವಾಡೆ ನೋಡಿಕೊಳ್ಳುವ ಮುಖಂಡನಿಗೆ 'ಸರದಾರ' ಎಂಬ ಹೆಸರು ನಿಂತಿತು. ಫಾರಸಿಯಿಂದ ಬಂದು ಕನ್ನಡದಲ್ಲಿ ದಂಡಿನ ಒಡೆಯನನ್ನು ಸೂಚಿಸುವ ಈ ಪದ ಅಲ್ಲಿ ಮೇಸ್ತ್ರಿ, ಕಾರಭಾರಿ, ದುಬಾಷಿ ಮೂವರ ಕೆಲಸವನ್ನೂ ಒಬ್ಬನ ತಲೆಗೆ ಕಟ್ಟಿತು. 1934ರಲ್ಲಿ ಪರ್ವತಾರೋಹಿಗಳಾದ ಎರಿಕ್ ಶಿಪ್ಟನ್ ಮತ್ತು ಟಿಲ್ಮನ್ ರಿಷಿಗಂಗೆಯ ಕಮರಿಯ ಮೂಲಕ ನಂದಾದೇವಿಯ ಒಳಮಡಿಲನ್ನು ಹೊಕ್ಕಾಗ ಅವರ ಜೊತೆಗಿದ್ದ ಶೆರ್ಪಾ ಆಂಗ್ ತರ್ಕೆ 1950ರಲ್ಲಿ ಫ್ರೆಂಚರ ಅನ್ನಪೂರ್ಣಾ ಯಾತ್ರೆಗೆ ಸರದಾರನಾಗಿದ್ದನು. ಕುಲದ ಹೆಸರಾದ 'ಶೆರ್ಪಾ' ಕಸುಬಿನ ಹೆಸರೂ ಆಗಿ ಮಾರ್ಪಟ್ಟುದು ಈ ದಶಕಗಳಲ್ಲಿ.

ಇಷ್ಟಾದರೂ ಇದು ಶಿಖರ ಏರುವವರ ಸೇವೆಯೇ ಹೊರತು ಚಾರಣವಲ್ಲ. ಕಣಿವೆಯ ನಡಿಗೆಯನ್ನೇ ಗುರಿಯಾಗಿಸಿಕೊಂಡ ಜನ ಬರಬೇಕಾದರೆ ಒಂದು ಬಾಗಿಲು ತೆರೆದು ಇನ್ನೊಂದು ಮುಚ್ಚಬೇಕಾಯಿತು. ಹೊರಗಿನವರಿಗೆ ಮುಚ್ಚಿದ್ದ ನೇಪಾಳ 1950ರ ಆಸುಪಾಸಿನಲ್ಲಿ ತೆರೆದುಕೊಂಡಿತು. 1959ರ ಲಾಸಾ ದಂಗೆಯ ಬಳಿಕ ಟಿಬೆಟ್ಟಿನ ಗಡಿ ಬಿಗಿಯಾಗಿ ನಾಂಗ್ಪಾ ಲಾದ ವ್ಯಾಪಾರ ಕುಗ್ಗಿತು. ಘಟ್ಟದ ದಾರಿ, ಯಾಕ್‌ಗಳ ಹಿಂಡು, ಹೊರೆ ಕಟ್ಟುವ ಕೈ ಎಲ್ಲವೂ ಇದ್ದು ಹೊರೆಯೇ ಇಲ್ಲವಾದ ಹೊತ್ತದು. ಎಡ್ಮಂಡ್ ಹಿಲರಿಯ ಮುಂದಾಳುತನದಲ್ಲಿ, ಆಸ್ಪತ್ರೆಯೊಂದರ ಸಾಮಗ್ರಿ ತರಿಸಲೆಂದು 1964ರಲ್ಲಿ ಲುಕ್ಲಾದಲ್ಲಿ ಕಟ್ಟಿದ ಪುಟ್ಟ ವಿಮಾನದಾರಿ, ಕಟ್ಟಿದವರು ಎಣಿಸದ ರೀತಿಯಲ್ಲಿ, ಖುಂಬುವಿನ ಹೆಬ್ಬಾಗಿಲಾಯಿತು.

ಅದೇ ವರ್ಷ ಗೂರ್ಖಾ ಪಡೆಯ ನಿವೃತ್ತ ಅಧಿಕಾರಿ ಜಿಮ್ಮಿ ರಾಬರ್ಟ್ಸ್ ಕಾಠ್ಮಂಡುವಿನಲ್ಲಿ 'ಮೌಂಟನ್ ಟ್ರಾವೆಲ್' ಎಂಬ ಸಂಸ್ಥೆಯನ್ನು ಆರಂಭಿಸಿದನು. 1963ರ ಅಮೆರಿಕನ್ ಎವರೆಸ್ಟ್ ಯಾತ್ರೆಗೆ ಒಂಬೈನೂರರಷ್ಟು ಹೊರೆಯಾಳುಗಳ ಸಾಗಣೆಯನ್ನು ನಿಭಾಯಿಸಿದ್ದ ಆತ ಕಂಡುಕೊಂಡ ಸತ್ಯ ಬಹು ಸರಳವಾದುದು: ಪರ್ವತದ ಬುಡ ಮುಟ್ಟುವವರೆಗಿನ ನಡಿಗೆಯೇ ಯಾತ್ರೆಯ ಸೊಗಸಾದ ಭಾಗ, ಶಿಖರವನ್ನು ಕಳೆದು ಅದಷ್ಟನ್ನೇ ಕೊಟ್ಟರೂ ಕೊಳ್ಳುವವರಿದ್ದಾರೆ. 1965ರಲ್ಲಿ ಆತನ ಮೊದಲ ತಂಡವಾಗಿ ಎವರೆಸ್ಟ್ ಸೀಮೆಗೆ ನಡೆದವರು ಅಮೆರಿಕದ ಮೂವರು ಮಹಿಳೆಯರು. ಬೆಳಗ್ಗೆ ಡೇರೆಯ ಬಾಗಿಲಿಗೇ ಬರುವ ಚಹಾ, ಮುಖ ತೊಳೆಯಲು ಬಿಸಿನೀರು, ಊಟದ ಡೇರೆ, ಸರದಾರನ ಕೈಕೆಳಗೆ ಅಡುಗೆಯವ, ಅವನ ಕೈಕೆಳಗೆ ಹುಡುಗರು, ಕೊನೆಗೆ ಹಣೆಪಟ್ಟಿಯಲ್ಲಿ ಬುಟ್ಟಿ ಹೊತ್ತ ಆಳುಗಳು: ಇಂದಿಗೂ ನಡೆದು ಬಂದಿರುವ ಈ ಏರ್ಪಾಡಿನಲ್ಲಿ ವಸಾಹತು ಕಾಲದ ಸೇನಾ ಶಿಬಿರದ ಛಾಯೆ ಢಾಳಾಗಿ ಕಾಣುತ್ತದೆ. ಆ ಮೇಲುಕೀಳಿನ ಮೆಟ್ಟಿಲುಗಳನ್ನು ಗಮನಿಸದೆ ಚಾರಣವನ್ನು ಪ್ರಕೃತಿಯ ಸಹವಾಸವೆಂದಷ್ಟೇ ವರ್ಣಿಸುವ ಬರಹಗಳು ಅರ್ಧ ಚಿತ್ರವನ್ನೇ ಕೊಡುತ್ತವೆ. ವಿಮಾನದ ಸೌಕರ್ಯಕ್ಕೂ ಒಂದು ತೆರಿಗೆಯಿತ್ತು: ಕಾಠ್ಮಂಡುವಿನಿಂದ ಎರಡು ವಾರಕ್ಕೂ ಮಿಕ್ಕಿ ನಡೆದು ಬರುತ್ತಿದ್ದವರ ಮೈ ತಾನಾಗಿ ಎತ್ತರಕ್ಕೆ ಒಗ್ಗುತ್ತಿದ್ದರೆ, ಸುಮಾರು 2,800 ಮೀಟರಿಗೆ ಹಾರಿ ಬಂದು ಅವಸರದಲ್ಲಿ ಮೇಲೇರಿದವರು ಶ್ವಾಸಕೋಶ ಇಲ್ಲವೇ ಮಿದುಳಿನಲ್ಲಿ ನೀರು ತುಂಬುವ ಎತ್ತರದ ಕಾಯಿಲೆಗೆ ಹೆಚ್ಚಾಗಿ ತುತ್ತಾಗತೊಡಗಿದರು, 1973ರಲ್ಲಿ ಹಿಮಾಲಯನ್ ರೆಸ್ಕ್ಯೂ ಅಸೋಸಿಯೇಷನ್ ಹುಟ್ಟಿಕೊಂಡುದು ಈ ಹಿನ್ನೆಲೆಯಲ್ಲಿ.

ಡೇರೆಯ ಚಾರಣಕ್ಕೆ ಸೇನೆ ಮಾದರಿಯಾದರೆ, ಮನೆಯಿಂದ ಮನೆಗೆ ತಂಗುತ್ತ ಸಾಗುವ ಇನ್ನೊಂದು ಬಗೆಯ ಚಾರಣಕ್ಕೆ ಉಪ್ಪಿನ ವ್ಯಾಪಾರವೇ ನೇರವಾದ ತಾಯಿ. ಧವಳಗಿರಿ ಮತ್ತು ಅನ್ನಪೂರ್ಣಾ ಪರ್ವತಗಳ ನಡುವೆ ಹರಿಯುವ ಕಾಳಿ ಗಂಡಕಿ ನದಿಯ ದಂಡೆಯಲ್ಲಿ, ಟುಕುಚೆ ಊರಿನ ಉಗ್ರಾಣಗಳಲ್ಲಿ ಟಿಬೆಟ್ಟಿನ ಉಪ್ಪು ಇಳಿದು ತಗ್ಗಿನ ಧಾನ್ಯ ಏರುತ್ತಿತ್ತು. ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಅದರ ಸುಂಕದ ಗುತ್ತಿಗೆಯನ್ನು ಸರ್ಕಾರದಿಂದ ಪಡೆದ, ಆ ಕಣಿವೆಯ ಥಕಾಲಿ ಸಮುದಾಯದ ಮನೆತನಗಳು ಸಿರಿವಂತವಾದವು. ಹೇಸರಗತ್ತೆಗಳನ್ನು ಹೊಡೆದುಕೊಂಡು ಬರುವ ವರ್ತಕರಿಗಾಗಿ ಥಕಾಲಿ ಹೆಂಗಸರು 'ಭಟ್ಟಿ' ಎಂಬ ಬಿಡಾರಗಳನ್ನು ನಡೆಸುತ್ತಿದ್ದು, ಅಲ್ಲಿ ಊಟಕ್ಕೆ ದುಡ್ಡು ಕೊಟ್ಟವರಿಗೆ ಮಲಗುವ ಜಾಗಕ್ಕೆ ಲೆಕ್ಕವಿರುತ್ತಿರಲಿಲ್ಲ. ಬೇಳೆ, ಅನ್ನ, ಪಲ್ಯಗಳ ಥಕಾಲಿ ಊಟವೂ, ಒಲೆಯ ಸುತ್ತಲ ಬೆಂಚೂ, ಊಟದ ಬಿಲ್ಲಿನಲ್ಲೇ ಕೋಣೆಯ ಖರ್ಚನ್ನು ಸರಿದೂಗಿಸುವ ಲೆಕ್ಕಾಚಾರವೂ ಮುಂದೆ ಚಾರಣಿಗರ ಲಾಡ್ಜುಗಳಿಗೆ ಹಾಗೆಯೇ ದಾಟಿಕೊಂಡವು.

ಜೋಹಾರಕ್ಕೆ ಈ ಭಾಗ್ಯ ಬರಲಿಲ್ಲ. 1962ರ ಚೀನಾ ಯುದ್ಧದೊಂದಿಗೆ ಅದರ ಘಟ್ಟಗಳು ಮುಚ್ಚಿದವು. ಗಡಿಯಂಚಿನ ಪ್ರದೇಶಕ್ಕೆ ಪರವಾನಗಿಯಿಲ್ಲದೆ ಯಾರೂ ಹೋಗದಂತೆ ತಡೆಯುವ 'ಇನ್ನರ್ ಲೈನ್' ವ್ಯವಸ್ಥೆ ಪ್ರವಾಸಿಗಳನ್ನೂ ಹೊರಗಿಟ್ಟಿತು. ಉತ್ತರಾಖಂಡದ ಭೋಟಿಯಾಗಳಿಗೆ 1967ರಲ್ಲಿ ಪರಿಶಿಷ್ಟ ಪಂಗಡದ ಮಾನ್ಯತೆ ದೊರೆತು ಓದು, ಸರ್ಕಾರಿ ನೌಕರಿಗಳತ್ತ ಹೊಸ ತಲೆಮಾರು ಸಾಗಿದುದರಿಂದ ಮಿಲಂನ ಕಲ್ಲುಮನೆಗಳು ಒಂದೊಂದಾಗಿ ಸೂರು ಕಳೆದುಕೊಂಡವು, ಮುಂದೆ ಚಾರಣಿಗರು ಆ ದಾರಿ ಹಿಡಿದಾಗ ಅವರನ್ನು ಎದುರುಗೊಂಡುದು ಹೆಚ್ಚಾಗಿ ಪಾಳುಗೋಡೆಗಳು. ಇತ್ತ ಉತ್ತರಕಾಶಿಯಲ್ಲಿ 1965ರಲ್ಲಿ ತೆರೆದ ನೆಹರು ಪರ್ವತಾರೋಹಣ ಸಂಸ್ಥೆ, ಯೂತ್ ಹಾಸ್ಟೆಲ್ಸ್ ಅಸೋಸಿಯೇಷನ್ನಿನ ಕಡಿಮೆ ಖರ್ಚಿನ ಶಿಬಿರಗಳು ಗಡಿಯಿಂದ ಈಚೆಗಿನ ಕಣಿವೆಗಳಲ್ಲಿ ಭಾರತೀಯ ಚಾರಣಿಗರ ಹೊಸ ವರ್ಗವನ್ನೇ ರೂಪಿಸಿದವು. ಸಹ್ಯಾದ್ರಿಯಲ್ಲಿ ಕಾಲು ಪಳಗಿಸಿ ಹಿಮಾಲಯಕ್ಕೆ ಹೊರಡುವ ಕನ್ನಡಿಗರ ಸಂಖ್ಯೆಯೂ ಬೆಂಗಳೂರಿನ ಬೆಳವಣಿಗೆಯೊಂದಿಗೆ ಹೆಚ್ಚಿತು. 2024ರ ಜೂನ್ ತಿಂಗಳಲ್ಲಿ ಉತ್ತರಾಖಂಡದ ಸಹಸ್ರತಾಲ್ ಸರೋವರದಿಂದ ಮರಳುವ ದಾರಿಯಲ್ಲಿ, ಬಹುಪಾಲು ಕರ್ನಾಟಕದವರಿದ್ದ 22 ಜನರ ತಂಡವೊಂದು ಹಿಮಗಾಳಿಗೆ ಸಿಲುಕಿ ಒಂಬತ್ತು ಮಂದಿ ಸತ್ತರು. ಕುರಿಹಿಂಡಿನ ವರ್ತಕನಿಗೆ ಮೋಡ ಕವಿದರೆ ಎರಡು ದಿನ ಕಾಯುವ ಸ್ವಾತಂತ್ರ್ಯವಿತ್ತು. ರಜೆಯ ದಿನಗಳನ್ನೂ ಮರಳುವ ರೈಲಿನ ಟಿಕೀಟನ್ನೂ ಲೆಕ್ಕ ಹಾಕಿ ಹೆಣೆದ ವೇಳಾಪಟ್ಟಿಯಲ್ಲಿ ಅಂಥ ಬಿಡುವು ಅಪರೂಪ.

ಕಾಳಿ ಗಂಡಕಿಯಲ್ಲಿ ಈಗ ಚಕ್ರ ಇನ್ನೊಂದು ಸುತ್ತು ತಿರುಗಿದೆ. ಜೋಮ್ಸೊಮ್ ದಾಟಿ ಟಿಬೆಟ್ಟಿನ ಗಡಿಯ ಕೋರಲಾವರೆಗೆ ಮೋಟಾರು ರಸ್ತೆ ಬಂದು, ಸರಕು ತುಂಬಿದ ಲಾರಿಗಳು ಹಳೆಯ ಉಪ್ಪಿನ ದಾರಿಯಲ್ಲಿಯೇ ಓಡಾಡುತ್ತಿವೆ. ಅವುಗಳ ಧೂಳಿಗೆ ಬೇಸತ್ತ ಚಾರಣಿಗರಿಗಾಗಿ ಗೈಡುಗಳು ನದಿಯ ಎದುರು ದಂಡೆಯಲ್ಲಿ ಊರಿಂದೂರಿಗೆ ಹೋಗುವ ಕಾಲುದಾರಿಗಳನ್ನು ಹುಡುಕಿ, ಬಂಡೆಗಳ ಮೇಲೆ ಬಣ್ಣದ ಗುರುತು ಬಳಿದಿದ್ದಾರೆ.